ಒಲೆಯ ಮುಂದಿನ ಗೆಣಸಿನ ಗುಂಡಿ

ಗುಲಾಮಗಿರಿಯಿಂದ ಬಿಡುಗಡೆಯಾದ ಮೂರನೇ ದಿನ ಬಾಡಿಗೆ ಗುಡಿಸಲಿಗೆ ಬಂದು ಸೇರಿದಾಗ ಮುದುಕ ಲೆವಿನ್ ಮಾಡಿದ ಮೊದಲ ಕೆಲಸ ಒಲೆಯ ಮುಂದಿನ ನೆಲ ಅಗೆದದ್ದು. ಮಂಚ ಹೂಡಿರಲಿಲ್ಲ, ಸೂರಿನ ತೂತು ಮುಚ್ಚಿರಲಿಲ್ಲ, ಮೊಮ್ಮಕ್ಕಳು ಹಸಿದು ಕೂತಿದ್ದವು. ಅವನು ಮಾತ್ರ ಹಲಗೆ ಎಬ್ಬಿಸಿ, ಮೊಣಕಾಲೂರಿ, ಸೊಂಟದಾಳದ ಗುಂಡಿ ತೋಡಿ, ಒಳಗೆ ಒಣಹುಲ್ಲು ಹಾಸಿ, ಗಾಡಿಯಲ್ಲಿ ಹಾಸಿಗೆಯಡಿ ಮುಚ್ಚಿ ತಂದದ್ದನ್ನೆಲ್ಲ ಒಂದೊಂದಾಗಿ ಇಳಿಸಿದ. ಎರಡು ಮೂಟೆ ಗೆಣಸು, ಒಂದು ಮೂಟೆ ಮೆಕ್ಕೆಜೋಳದ ಹಿಟ್ಟು, ಉಪ್ಪುಮೀನಿನ ಪುಟ್ಟ ಪೀಪಾಯಿ, ಕಾಕಂಬಿಯ ಜಾಡಿ, ಹೊಗೆ ಹಾಕಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿದ ಎರಡು ಹಂದಿ ತೊಡೆ. ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಮಣ್ಣು ಉದುರಿಸಿ, ಕಾಲಿನಿಂದ ಸವರಿದ ಮೇಲೆಯೇ ಅವನ ಜೀವಕ್ಕೆ ಸಮಾಧಾನವಾದದ್ದು.

ಮಗಳು ಸೇಬ್ರಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಯಾರು ಬಂದು ನೋಡ್ತಾರೆ ಅಂತ ಮಣ್ಣು ಉದುರಿಸ್ತಿದೀಯಪ್ಪ? ಇದು ನಮ್ಮನೆ."

"ಬಾಡಿಗೆ ಮನೆ."

"ಬಾಡಿಗೆ ಕೊಡೋರು ನಾವು ತಾನೆ."

"ನೀನು ಹುಟ್ಟೋಕೆ ಮುಂಚಿಂದ ಬಿಳಿಯರನ್ನ ನೋಡಿದೀನಿ ಕಣೆ. ನಮ್ಮ ಹತ್ರ ಏನಿದೆ ಅಂತ ಗೊತ್ತಿದ್ರೆ ತಾನೆ ಕಿತ್ಕೊಳ್ಳೋದು. ಹೋಗು, ಮಕ್ಕಳಿಗೆ ಏನಾದ್ರೂ ಬೇಯಿಸು."

ಮೇರಿಲ್ಯಾಂಡಿನ ಕೊಲ್ಲಿಯ ಈ ದಂಡೆಯಲ್ಲಿ ಆ ನವೆಂಬರ್ ತಿಂಗಳು ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಇನ್ನು ಮುಂದೆ ಇಲ್ಲಿ ಯಾರೂ ಯಾರ ಗುಲಾಮರೂ ಅಲ್ಲ ಎಂದು ಕಾಯಿದೆಯಾಗಿತ್ತು. ಬ್ರಾಡಿಷ್ ಧಣಿಯ ಜಮೀನು ಬಿಟ್ಟು ಮೊದಲು ಹೊರಬಿದ್ದದ್ದು ಲೆವಿನ್ ಸಂಸಾರ. ಸಂಸಾರವೆಂದರೆ ಅವನು, ಸೇಬ್ರಾ, ಅವಳ ಹನ್ನೊಂದು ವರ್ಷದ ಮಗಳು ರೋಡಿ, ಮೂರು ವರ್ಷದ ಮಗ ಪೆರಿ, ಇಷ್ಟೇ. ಸೇಬ್ರಾಳ ಗಂಡ ಎಮರಿ ಬೇರೊಬ್ಬ ಧಣಿಯ ಆಳು. ಹೋದ ವರ್ಷವೇ ತಪ್ಪಿಸಿಕೊಂಡು ದಂಡಿಗೆ ಸೇರಿ, ವರ್ಜೀನಿಯಾದ ಕಡೆ ಯುದ್ಧದಲ್ಲಿದ್ದ. ಸೇಬ್ರಾಳ ತಾಯಿ ಮಾರಾಟವಾಗಿ ದಕ್ಷಿಣಕ್ಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಆಕೆಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ರೋಡಿಯನ್ನು ಸೇಬ್ರಾ ಹೆತ್ತದ್ದಷ್ಟೇ. ಐದು ತುಂಬಿದಾಗಿನಿಂದ ಆ ಹುಡುಗಿ ಧಣಿಯ ದೊಡ್ಡ ಮನೆಯಲ್ಲಿ ಅಮ್ಮಾವ್ರ ಮಂಚದ ಕಾಲ ಹತ್ತಿರ ನೆಲದ ಮೇಲೆ ಮಲಗಿ, ಕರೆದಾಗ ಎದ್ದು ನೀರು ಕೊಟ್ಟು, ಕಾಲು ಒತ್ತಿ, ಬೆಳಿಗ್ಗೆ ಅವರ ತಲೆ ಬಾಚುತ್ತಿದ್ದವಳು. ಹೊಸ ಗುಡಿಸಲಲ್ಲಿ ಮೊದಲ ಸಲ ತಾಯಿಯ ಮಗ್ಗುಲಿಗೆ ಬಂದು ಮಲಗಿದಾಗ, ಸೇಬ್ರಾ ಬೆಳಗಿನವರೆಗೆ ಎಡಮಗ್ಗುಲು ಬದಲಿಸಲಿಲ್ಲ. ತೋಳು ಮರಗಟ್ಟಿತ್ತು, ಆದರೂ ತೆಗೆಯಲು ಮನಸ್ಸಾಗಲಿಲ್ಲ.

ಸೇಬ್ರಾ ಪೇಟೆಯವರ ಬಟ್ಟೆ ಒಗೆಯತೊಡಗಿದಳು. ಲೆವಿನ್ ದೋಣಿಕಟ್ಟೆಯ ಹತ್ತಿರ ಕೊಲ್ಲಿಯಿಂದ ಬಂದ ಸಿಂಪಿಯ ಚಿಪ್ಪು ಬಿಚ್ಚಿ ಮಾಂಸ ತೆಗೆಯುವ ಕೆಲಸಕ್ಕೆ ಹೋದ. ಹೊಟ್ಟೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೆಮ್ಮದಿಯಾಗಿ ತಿನ್ನುವುದಕ್ಕೆ ಮಾತ್ರ. ಮಾಂಸದ ಒಂದು ಚೂರು ಬಾಣಲೆಗೆ ಬೀಳಬೇಕಾದರೆ ಲೆವಿನ್ ಮೊದಲು ಎದ್ದು ಕಿಟಕಿ ಮುಚ್ಚಬೇಕು, ಬಾಗಿಲಿಗೆ ಅಗಳಿ ಹಾಕಬೇಕು, ಸಂದಿಗೆ ಗೋಣಿ ತುರುಕಬೇಕು.

"ಹೊಗೆ ಕುಡಿದು ಸಾಯ್ತೀವಿ ತಾತ," ಎಂದು ರೋಡಿ ಕೆಮ್ಮುತ್ತ ನಗುತ್ತಿದ್ದಳು.

"ವಾಸನೆ ಬೀದಿಗೆ ಹೋಗಬಾರದು ಮಗಾ."

"ಬೀದೀಲಿರೋದು ಪಕ್ಕದ್ಮನೆ ಕೆಟೂರಜ್ಜಿ ನಾಯಿ ಒಂದೇ. ಅದಕ್ಕಾಗ್ಲೇ ಗೊತ್ತು, ದಿನಾ ಬಂದು ಬಾಗಿಲ ಮುಂದೆ ಮಲಗುತ್ತೆ."

ಸೇಬ್ರಾಗೂ ನಗು ಬಂತು. ಲೆವಿನ್ ನಗಲಿಲ್ಲ.

ಎರಡನೆಯ ವಾರ ಬ್ರಾಡಿಷ್ ಅಮ್ಮಾವ್ರ ಸಾರೋಟು ಗುಡಿಸಲ ಮುಂದೆ ನಿಂತಿತು. ಆಕೆ ಇಳಿಯಲಿಲ್ಲ. ಸೇಬ್ರಾ ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ರೋಡೀನ ಕಳಿಸು ಸೇಬ್ರಾ. ಎರಡು ವಾರದಿಂದ ನನ್ನ ತಲೆ ಬಾಚೋಕೆ ಗತಿಯಿಲ್ಲ. ಅವಳನ್ನ ಸಾಕಿ ಬೆಳೆಸಿದ್ದು ನಾನು."

"ಬೆಳೆಸಿದ್ರಿ ಅಮ್ಮಾವ್ರೆ, ಇಲ್ಲ ಅನ್ನಲ್ಲ. ಇನ್ನು ನಾನು ಬೆಳೆಸ್ತೀನಿ."

"ಏನು ಹಾಕಿ ಬೆಳೆಸ್ತೀಯೆ?"

ಅಷ್ಟರಲ್ಲಿ ಲೆವಿನ್ ಟೋಪಿ ಕೈಯಲ್ಲಿ ಹಿಡಿದು ಓಡಿ ಬಂದಿದ್ದ. ಬೆನ್ನು ತಾನೇ ತಾನಾಗಿ ಬಾಗಿತ್ತು.

"ಹೇಗಿದೀಯ ಲೆವಿನ್? ಹೊಟ್ಟೆಗೇನು ಮಾಡ್ತಿದೀರಿ?"

"ಏನಿದೆ ಅಮ್ಮಾವ್ರೆ ನಮ್ಮ ಹತ್ರ. ಸಿಕ್ಕ ದಿನ ತಿಂತೀವಿ, ಸಿಗದ ದಿನ ಮಲಗ್ತೀವಿ."

ಅಮ್ಮಾವ್ರು ಗಾಡಿಯವನಿಗೆ ಸನ್ನೆ ಮಾಡಿದರು. ಅವನು ಒಂದು ಚೀಲ ಗೋಧಿ ಹಿಟ್ಟನ್ನು ಇಳಿಸಿದ. ಸಾರೋಟು ತಿರುಗಿಕೊಂಡು ಹೋಯಿತು. ಲೆವಿನ್ ಚೀಲವನ್ನು ಎತ್ತಿಕೊಂಡು ಒಳಗೆ ಬಂದವನು, ಆ ದಿನವೆಲ್ಲ ಹುಮ್ಮಸ್ಸಿನಿಂದಿದ್ದ.

"ನೋಡಿದ್ಯಾ? ಒಂದು ಮಾತು. ಒಂದೇ ಮಾತಿಗೆ ಬಿಳಿ ಹಿಟ್ಟು."

"ಭಿಕ್ಷೆ."

"ಯಾವ ಭಿಕ್ಷೆ? ಆ ಗೋಧಿ ಬಿತ್ತಿದ್ದು ನಾನು, ಕೊಯ್ದಿದ್ದು ನಾನು. ಸುಮ್ನೆ ರೊಟ್ಟಿ ತಟ್ಟು."

ಇದು ಅವನೊಬ್ಬನ ಚಾಳಿಯಲ್ಲ. ನಮ್ಮ ಕಡೆ ಎಲ್ಲ ಗುಡಿಸಲಲ್ಲೂ ಒಲೆಯ ಮುಂದೆ ಒಂದು ಗುಂಡಿ, ಎಲ್ಲ ಬಾಯಲ್ಲೂ ಅದೊಂದು ಮಾತು. ಹಿಂದೆ ಈಗಿನ ಧಣಿಯ ಅಪ್ಪ ದೊಡ್ಡ ಬ್ರಾಡಿಷ್ ಬದುಕಿದ್ದಾಗ ಒಂದು ಗುಡಿಸಲಲ್ಲಿ ಅರ್ಧ ಮೂಟೆ ಬೀನ್ಸ್ ಕಣ್ಣಿಗೆ ಬಿದ್ದು, "ಇಷ್ಟಿದ್ದವರಿಗೆ ನಾನ್ಯಾಕೆ ಕಾಳು ಅಳೆಯಲಿ" ಎಂದು ಆ ಚಳಿಗಾಲವೆಲ್ಲ ಎಲ್ಲರ ಪಡಿಯನ್ನೂ ಅರ್ಧಕ್ಕೆ ಇಳಿಸಿದ್ದ. ಅವತ್ತಿನಿಂದ ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುತ್ತಿದ್ದದ್ದು ಇದನ್ನೇ: ಬಿಳಿಯರು ಕೇಳಿದರೆ ಏನೂ ಇಲ್ಲ ಅನ್ನು.

ಮೂರನೆಯ ವಾರ ಕೋರ್ಟಿನ ಅಮೀನ ಬಂದ. ಕೈಯಲ್ಲಿ ಕಾಗದ. ಗುರುವಾರ ರೋಡಿಯನ್ನು ಅನಾಥ ಮಕ್ಕಳ ಕೋರ್ಟಿಗೆ ಹಾಜರುಪಡಿಸಬೇಕು, ಬ್ರಾಡಿಷ್ ಧಣಿ ಆಕೆಯನ್ನು ಕೆಲಸ ಕಲಿಯುವ ಆಳಾಗಿ ಬರೆಸಿಕೊಳ್ಳಲು ಅರ್ಜಿ ಹಾಕಿದ್ದಾರೆ ಎಂದು ಓದಿ ಹೇಳಿದ.

"ಅನಾಥ ಯಾರು?" ಎಂದಳು ಸೇಬ್ರಾ. "ನಾನು ಇಲ್ಲಿ ಕಲ್ಲುಗುಂಡಿನ ಹಾಗೆ ನಿಂತಿದೀನಲ್ಲ."

"ಅದನ್ನ ಜಡ್ಜಿಗಳಿಗೆ ಹೇಳು. ಕರ್ಕೊಂಡು ಬರದಿದ್ರೆ ನಾನೇ ಬಂದು ಎತ್ಕೊಂಡು ಹೋಗ್ಬೇಕಾಗುತ್ತೆ."

ಪಕ್ಕದ ಮನೆಯ ಕೆಟೂರಮ್ಮ ಹುಟ್ಟಾ ಸ್ವತಂತ್ರಳು. ಅವಳ ತಾಯಿಯನ್ನು ಹಿಂದೆಯೇ ಯಾರೋ ಧಣಿ ಬಿಡುಗಡೆ ಮಾಡಿದ್ದ. ಆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಅವಳಿಗೆ ಅಭ್ಯಾಸವಿತ್ತು. ಬಂದು ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದಳು.

"ಅವರು ಕೇಳೋದು ಒಂದೇ ಪ್ರಶ್ನೆ ಕಣೆ ಸೇಬ್ರಾ. ಮಗೂನ ಸಾಕೋಕೆ ನಿಮ್ಮ ಹತ್ರ ಏನಿದೆ ಅಂತ. ಇದೆ ಅಂದ್ರೆ ಮಗೂನ ಧಣಿಗೆ ಕೊಡೋದು ಅಷ್ಟು ಸುಲಭ ಅಲ್ಲ. ಇಲ್ಲ ಅಂದ್ರೆ ಮುಗೀತು, ಹುಡುಗರಾದ್ರೆ ಇಪ್ಪತ್ತೊಂದು, ಹುಡುಗೀರಾದ್ರೆ ಹದಿನೆಂಟು ತುಂಬೋವರೆಗೂ ಬರ್ಕೊಡ್ತಾರೆ. ನನ್ನ ತಂಗಿ ಮಗನಿಗೆ ಹಾಗೇ ಆಯ್ತು. ಏನೇನಿದೆಯೋ ಎಲ್ಲಾ ಹೇಳಿ. ಆಗೋದಾದ್ರೆ ಕಣ್ಣಿಗೂ ತೋರಿಸಿ."

ಬುಧವಾರ ಊಟಕ್ಕೆ ಕೂತಾಗ ಸೇಬ್ರಾ ಅದನ್ನೇ ಎತ್ತಿದಳು.

"ನಾಳೆ ಕೈಗಾಡೀಲಿ ಎಲ್ಲಾ ಹಾಕ್ಕೊಂಡು ಹೋಗೋಣ. ತೊಡೆ ಎರಡೂ ಮೇಲೆ ಇಡೋಣ."

ಲೆವಿನ್ ತಟ್ಟೆ ಕೆಳಗಿಟ್ಟ. "ಹುಚ್ಚು ಹಿಡಿದಿದೆಯಾ ನಿಂಗೆ? ಆ ಹಂದಿ ಎಲ್ಲಿ ಸಾಕಿದ್ದು?"

"ಜೌಗಿನಲ್ಲಿ."

"ಯಾರ ಜೌಗು?"

ಬ್ರಾಡಿಷ್ ಜಮೀನಿನ ತುದಿಯ ಜೌಗಿನೊಳಗೆ ದಡ್ಡಿ ಕಟ್ಟಿ, ಎರಡು ವರ್ಷ ಮುಸುರೆ ಹೊತ್ತು ಹಾಕಿ ಅವನು ಸಾಕಿದ ಹಂದಿ. ಮರಿಯನ್ನು ಬುಟ್ಟಿ ಹೆಣೆದು ಕೊಟ್ಟು ಪಡೆದಿದ್ದ; ಕದ್ದದ್ದಲ್ಲ. ಆದರೆ ಗುಲಾಮನಿಗೆ ಹಂದಿ ಸಾಕುವ ಹಕ್ಕಿರಲಿಲ್ಲ.

"ನನ್ನ ನೆಲ, ನನ್ನ ಹಂದಿ ಅಂತಾನೆ ಧಣಿ. ಕಳ್ಳ ಅಂತ ನನ್ನ ಒಳಗೆ ಹಾಕ್ತಾರೆ."

"ಸರಿ, ಗಾಡಿ ಬೇಡ. ಬಾಯಲ್ಲಾದ್ರೂ ಹೇಳ್ತೀಯ? ಹಂದಿ ಬಿಟ್ಟು ಮಿಕ್ಕಿದ್ದು?"

"ಹೇಳ್ತೀನಿ."

"ನನ್ನ ಮೇಲೆ ಆಣೆ ಇಡು."

"ಆಣೆ ಯಾಕೆ? ಹೇಳ್ತೀನಿ ಅಂದ್ನಲ್ಲ. ನನಗೇನು ಮೊಮ್ಮಗಳು ಬೇಡವಾ?"

ಮಾರನೆಯ ದಿನ ಮೂರು ಮೈಲಿ ದಾರಿಯುದ್ದಕ್ಕೂ ಲೆವಿನ್ ಬಾಯಿಪಾಠ ಮಾಡಿದ. ಎರಡು ಮೂಟೆ ಗೆಣಸು, ಒಂದು ಮೂಟೆ ಜೋಳದ ಹಿಟ್ಟು, ಒಂದು ಪೀಪಾಯಿ ಉಪ್ಪುಮೀನು, ಒಂದು ಜಾಡಿ ಕಾಕಂಬಿ, ನನಗೆ ಸಿಂಪಿ ಕೆಲಸ, ಮಗಳಿಗೆ ಬಟ್ಟೆ ಕೆಲಸ. ತಪ್ಪಿದರೆ ರೋಡಿ ತಿದ್ದುತ್ತಿದ್ದಳು. ಕೆಟೂರಮ್ಮನ ಹತ್ತಿರ ಸಾಲ ತಂದ ಬೂಟು ಅವಳಿಗೆ ದೊಡ್ಡದಾಗಿತ್ತು. ನಡೆದಾಗ ಟಪಟಪ ಎನ್ನುತ್ತಿತ್ತು. ಪೆರಿಯನ್ನು ಕೆಟೂರಮ್ಮನ ಮನೆಯಲ್ಲೇ ಬಿಟ್ಟಿದ್ದರು.

ಕೋರ್ಟಿನ ಮುಂದೆ ಮೂರು ಬಂಡಿ ನಿಂತಿದ್ದವು. ಬಂಡಿ ತುಂಬ ಕರಿಯ ಮಕ್ಕಳು. ಬೇರೆ ಬೇರೆ ಧಣಿಗಳು ತುಂಬಿಕೊಂಡು ಬಂದಿದ್ದರು. ಕೆಲವರ ತಾಯಂದಿರು ಬಂಡಿಯ ಗಾಲಿ ಹಿಡಿದು ನಿಂತಿದ್ದರು, ಕೆಲವರಿಗೆ ತಾಯಂದಿರು ಬಂದೇ ಇರಲಿಲ್ಲ. ಒಳಗೆ ಮೇಜಿನ ಹಿಂದೆ ಮೂವರು ಜಡ್ಜಿಗಳು, ಪಕ್ಕದಲ್ಲಿ ಗುಮಾಸ್ತ. ಒಂದೊಂದು ಮಗುವಿಗೆ ಒಂದು ಪೈಪಿಗೆ ಹೊಗೆಸೊಪ್ಪು ತುಂಬಿ ಹಚ್ಚುವಷ್ಟೂ ಹೊತ್ತು ಹಿಡಿಯುತ್ತಿರಲಿಲ್ಲ.

ರೋಡಿಯ ಹೆಸರು ಕೂಗಿದರು. ಬ್ರಾಡಿಷ್ ಧಣಿ ಎದ್ದು ನಿಂತ. ನಡುವೆ ಕೂತ ಹಿರಿಯ ಜಡ್ಜಿ ಕೇಳಿದರು.

"ಇವಳಪ್ಪ ಎಲ್ಲಿ?"

"ದಂಡಲ್ಲಿದಾರೆ ಸ್ವಾಮಿ," ಎಂದಳು ಸೇಬ್ರಾ.

"ಮದುವೆಯಾದ ಕಾಗದ ಇದೆಯಾ?"

"ಆಗ ನಮಗೆಲ್ಲಿ ಕಾಗದ ಕೊಡ್ತಿದ್ರು ಸ್ವಾಮಿ?"

"ಹಾಗಾದ್ರೆ ಲೆಕ್ಕಕ್ಕೆ ಅಪ್ಪ ಇಲ್ಲ. ಮನೇಲಿ ಗಂಡಸು ಯಾರು?"

ಲೆವಿನ್ ಮುಂದೆ ಬಂದ. ಟೋಪಿ ಕೈಗೆ ಬಂದಿತ್ತು, ಬೆನ್ನು ಬಾಗಿತ್ತು.

"ಏನಯ್ಯ ಮುದುಕ, ಈ ಹುಡುಗೀನ ಸಾಕೋಕೆ ನಿನ್ನ ಹತ್ರ ಏನಿದೆ?"

ರೋಡಿ ತಾತನ ಬಾಯನ್ನೇ ನೋಡುತ್ತಿದ್ದಳು. ಅವಳ ತುಟಿಯೂ ಅಲುಗುತ್ತಿತ್ತು, ಎರಡು ಮೂಟೆ ಗೆಣಸು ಎಂದು. ಬ್ರಾಡಿಷ್ ಧಣಿ ಗಂಟಲು ಸರಿಮಾಡಿಕೊಂಡು ಲೆವಿನ್ ಕಡೆ ತಿರುಗಿ ನೋಡಿದ. ಅಷ್ಟೇ, ಬೇರೇನೂ ಮಾಡಲಿಲ್ಲ.

"ಏನೂ ಇಲ್ಲ ಧಣಿ," ಎಂದ ಲೆವಿನ್. "ತಮ್ಮಂಥ ದೊಡ್ಡೋರ ದಯ."

ಗುಮಾಸ್ತ ಬರೆದುಕೊಂಡ. ಲೇಖನಿ ಕಾಗದದ ಮೇಲೆ ಗೀಚುವ ಸದ್ದು ಸೇಬ್ರಾಳ ಕಿವಿಗೆ ಕೇಳಿಸಿತು.

"ಇಲ್ಲ ಸ್ವಾಮಿ, ಹೆದರಿ ಹಾಗಂತಿದಾರೆ. ಇದೆ. ಗೆಣಸಿದೆ, ಹಿಟ್ಟಿದೆ, ಮೀನಿದೆ, ಎರಡು ಹಂದಿ ತೊಡೆ ಇದೆ." ಬಾಯಿ ಜಾರಿತ್ತು.

"ಹಂದಿ ತೊಡೆ?" ಎಂದ ಬ್ರಾಡಿಷ್ ಧಣಿ ಮೆತ್ತಗೆ. "ಯಾವ ಹಂದಿ ಲೆವಿನ್? ಹೋದ ವಾರ ತಾನೆ ನನ್ನ ಹೆಂಡತಿ ಪಾಪ ಅಂತ ನಿಮಗೆ ಹಿಟ್ಟು ಕೊಟ್ಟು ಬಂದಳು."

"ಹಂದೀನೂ ಇಲ್ಲ, ಏನೂ ಇಲ್ಲ ಧಣಿ. ಮಗಳು ಸಂಕಟಕ್ಕೆ ಏನೇನೋ ಆಡ್ತಾಳೆ."

"ನಿನ್ನಪ್ಪನೇ ಹೇಳ್ತಿದಾನಲ್ಲಮ್ಮ," ಎಂದರು ಜಡ್ಜಿ, ಬೇಸರವೂ ಇಲ್ಲದೆ ಸಿಟ್ಟೂ ಇಲ್ಲದೆ. "ಹುಡುಗಿ ವಯಸ್ಸು?"

"ಒಂಬತ್ತು," ಎಂದ ಬ್ರಾಡಿಷ್.

"ಹನ್ನೊಂದು ಸ್ವಾಮಿ. ನದಿ ಹೆಪ್ಪುಗಟ್ಟಿ ದೋಣಿಯೆಲ್ಲ ಒಡೀತಲ್ಲ, ಆ ವರ್ಷ ಹೆತ್ತದ್ದು."

ಬಿಳಿಯನ ಮಾತಿಗೆ ಎದುರಾಗಿ ಕರಿಯರ ಸಾಕ್ಷಿ ಆ ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ. ಗುಮಾಸ್ತ ಒಂಬತ್ತು ಎಂದು ಬರೆದ. ಹದಿನೆಂಟಕ್ಕೆ ಒಂಬತ್ತು ವರ್ಷ ಉಳಿದಿತ್ತು. ಆ ಬೆಳಿಗ್ಗೆಯೆಲ್ಲ ಅಲ್ಲಿ ಕರಿಯನೊಬ್ಬ ಆಡಿದ್ದನ್ನು ಆಡಿದ ಹಾಗೆ ಬರೆದುಕೊಂಡದ್ದು ಲೆವಿನ್ನನ ಮಾತೊಂದನ್ನೇ.

ರೋಡಿ ಅಳಲಿಲ್ಲ. ಬೂಟು ಬಿಚ್ಚಿ ತಾಯಿಯ ಕೈಗೆ ಕೊಟ್ಟಳು. "ಕೆಟೂರಜ್ಜೀದು," ಎಂದಳು. ಬರಿಗಾಲಲ್ಲಿ ಧಣಿಯ ಬಂಡಿ ಹತ್ತಿದಳು.

ಮನೆಗೆ ಬಂದ ಸೇಬ್ರಾ ಶಾಲೂ ತೆಗೆಯದೆ ನೇರ ಒಲೆಯ ಮುಂದೆ ಹೋಗಿ ಹಲಗೆ ಕಿತ್ತಳು. ಒಂದು ತೊಡೆಯನ್ನು ಎಳೆದು ಹಾಕಿ, ಕೊಯ್ದು, ಬಾಗಿಲು ಕಿಟಕಿ ಎರಡನ್ನೂ ಹಾರುಹೊಡೆದು ಹುರಿದಳು. ವಾಸನೆ ಬೀದಿಗೆ ಹೋಯಿತು. ಕೆಟೂರಮ್ಮನ ನಾಯಿ ಹೊಸ್ತಿಲ ಒಳಗೇ ಬಂದು ನಿಂತಿತು.

"ಬಾಗಿಲು ಹಾಕೆ," ಎಂದ ಲೆವಿನ್.

"ಯಾಕೆ? ನಮ್ಮನೇಲಿ ಏನೂ ಇಲ್ಲವಲ್ಲ. ತಿನ್ನು." ತಟ್ಟೆ ತುಂಬ ಹಾಕಿ ಅವನ ಮುಂದೆ ಕುಕ್ಕಿದಳು.

"ನಿಜ ಹೇಳಿದ್ರೆ ನನ್ನ ಜೈಲಿಗೆ ಹಾಕ್ತಿದ್ರು ಸೇಬ್ರಾ."

"ಹಾಕ್ತಿದ್ರು. ಒಂದು ಹಂದಿಗೆ ಎಷ್ಟು, ಆರು ತಿಂಗಳು? ಒಂದು ವರ್ಷ? ಅವಳಿಗೆ ಒಂಬತ್ತು ವರ್ಷ ಹಾಕಿದಾರೆ ಕಣಪ್ಪ. ಅವಳು ಯಾವ ಹಂದಿ ಸಾಕಿದ್ಲು?"

"ಹೇಳ್ಬೇಕು ಅಂತಲೇ ಬಾಯಿ ತೆಗ್ದೆ. ಆ ಮಾತು ಬಂದುಬಿಡ್ತು," ಎಂದ.

"ನನ್ನ ಅವ್ವನ್ನ ಮಾರಿದಾಗ್ಲೂ ಹಾಗೇ ಸುಮ್ನೆ ಟೋಪಿ ಹಿಡ್ಕೊಂಡು ನಿಂತಿದ್ದೆ ನೀನು."

ಅದನ್ನು ಅವಳು ಹುಟ್ಟಿದಾರಭ್ಯ ಆಡಿರಲಿಲ್ಲ. ಆಡಿದ ಮೇಲೆ ವಾಪಸು ತೆಗೆದುಕೊಳ್ಳಲೂ ಇಲ್ಲ. ಪೆರಿ ಮಾತ್ರ ಎರಡೂ ಕೈಯಲ್ಲಿ ಮಾಂಸ ಹಿಡಿದು ತಿನ್ನುತ್ತ, "ರೋಡಿಗೆ?" ಎಂದು ಕೇಳಿದ.

ಆ ಮೇಲೆ ದಿನಾಲೂ ಹಾಗೆಯೇ. ಬಾಗಿಲು ತೆರೆದ ಅಡುಗೆ, ತಟ್ಟೆ ಕುಕ್ಕುವುದು, ಬೇಕಾದಷ್ಟು ಮಾತ್ರ ಮಾತು. ಲೆವಿನ್ ಕೆಲಸಕ್ಕೆ ಹೋಗುತ್ತಿದ್ದ, ಸಿಂಪಿ ಬಿಚ್ಚುವ ಚಾಕು ತಾಗಿ ಬೆರಳು ಎರಡು ಸಲ ಕುಯ್ದುಕೊಂಡ. ಸೇಬ್ರಾ ಬಟ್ಟೆ ಸುತ್ತಿ ಕೊಟ್ಟಳು, ಹೇಗಾಯ್ತು ಎಂದು ಕೇಳಲಿಲ್ಲ.

ಡಿಸೆಂಬರ್ ನಡುವಿನ ಒಂದು ಭಾನುವಾರ ಅವಳು ರೊಟ್ಟಿಯೊಳಗೆ ಮಾಂಸ ಇಟ್ಟು ಕಟ್ಟಿಕೊಂಡು ದೊಡ್ಡ ಮನೆಗೆ ಹೋದಳು. ಹಿಂಬಾಗಿಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ ಆಮೇಲೆ ರೋಡಿಯನ್ನು ಕಳಿಸಿದರು. ಅಮ್ಮಾವ್ರು ಅಡುಗೆಮನೆಯೊಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ರೋಡಿಯ ಕೈಬೆರಳು ಚಳಿಗೆ ಒಡೆದಿದ್ದವು. ಅವಳು ರೊಟ್ಟಿ ಬಿಡಿಸಿ ನೋಡಿದಳು, ಮೂಸಿದಳು.

"ಅಮ್ಮ, ಇದು ಎಲ್ಲಿಂದ ಬಂತು?"

"ನಮ್ಮನೇದು. ತಿನ್ನು."

"ಏನೂ ಇಲ್ಲ ಅಂತ ತಾತ ಹೇಳ್ತಲ್ಲ."

"ಇತ್ತು ಕಣೆ. ನೀನೂ ನೋಡಿದ್ಯಲ್ಲ."

"ಇದ್ದಿದ್ರೆ ತಾತ ಯಾಕೆ ಇಲ್ಲ ಅಂತು?" ಹುಡುಗಿ ದನಿ ತಗ್ಗಿಸಿದಳು. "ಅಮ್ಮಾವ್ರು ಹೇಳ್ತಿದ್ರು, ನಿನ್ನ ಮನೇಲಿ ನೀನು ಬೇಡವಾದೆ, ಅದಕ್ಕೇ ನಿಮ್ಮ ತಾತನೇ ಬಿಟ್ಟುಕೊಟ್ಟ ಅಂತ. ನಾನು ಹೆಚ್ಚು ತಿಂತಿದ್ನಾ?"

ಕುರ್ಚಿಯ ಮೇಲೆ ಅಮ್ಮಾವ್ರು ಹೆಣಿಗೆಯಿಂದ ತಲೆ ಎತ್ತಲಿಲ್ಲ. ಹಂದಿ, ಜೌಗು, ಹೆದರಿಕೆ, ಯಾವುದನ್ನೂ ಅಲ್ಲಿ ಬಿಡಿಸಿ ಹೇಳುವ ಹಾಗಿರಲಿಲ್ಲ. "ಇಲ್ಲ ಮಗಾ, ಇಲ್ಲ," ಎಂದಷ್ಟೇ ಹೇಳಿದಳು ಸೇಬ್ರಾ. ಅಷ್ಟರಲ್ಲಿ ಒಳಗಿಂದ ಧಣಿ ಗಂಟೆ ಬಾರಿಸಿದ, ರೋಡಿ ಅರ್ಧ ರೊಟ್ಟಿ ಮೇಜಿನ ಮೇಲೆ ಬಿಟ್ಟು ಓಡಿದಳು.

ಸಂಜೆ ಊಟದ ಮುಂದೆ ಸೇಬ್ರಾ ಎಲ್ಲವನ್ನೂ ಚಾಚೂ ತಪ್ಪದೆ ತಂದೆಗೆ ಹೇಳಿದಳು. ನಾನು ಹೆಚ್ಚು ತಿಂತಿದ್ನಾ ಎಂದದ್ದನ್ನೂ ಹೇಳಿದಳು. ನೋಯಲಿ ಎಂದೇ ಹೇಳಿದಳು. ಲೆವಿನ್ ತಟ್ಟೆ ಸರಿಸಿ ಎದ್ದ. ಆಮೇಲೆ ಒಂದು ವಾರ ಅವನು ಬರಿಯ ಗೆಣಸು ತಿಂದ, ಮಾಂಸ ಮುಟ್ಟಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಸೇಬ್ರಾ ಏಳುವಷ್ಟರಲ್ಲಿ ಅವನು ಗುಂಡಿಯ ಹಲಗೆ ತೆಗೆದು ಉಳಿದಿದ್ದ ಇಡೀ ತೊಡೆಯನ್ನು ಮೇಲೆತ್ತಿ, ಬಟ್ಟೆ ಬಿಚ್ಚಿ ಬೂಷ್ಟು ಒರೆಸುತ್ತಿದ್ದ. ಮತ್ತೆ ಸುತ್ತಲಿಲ್ಲ. ಹಾಗೆಯೇ ಹೆಗಲ ಮೇಲೆ ಇಟ್ಟುಕೊಂಡ.

"ಎಲ್ಲಿಗೆ?"

"ಜಡ್ಜಿ ಮನೆಗೆ. ಕೋರ್ಟಲ್ಲಿ ಬಾಯಿ ಬರಲಿಲ್ಲ. ಇವತ್ತು ಹೇಳ್ತೀನಿ."

"ಕಳ್ಳ ಅಂದ್ರೆ?"

"ಅನ್ನಲಿ. ಒಳಗೆ ಹಾಕಲಿ. ಅವಳನ್ನ ಬಿಟ್ಟರೆ ಸಾಕು."

ಸೇಬ್ರಾ ತಡೆಯಲಿಲ್ಲ. ಬಾಗಿಲವರೆಗೂ ಬಂದು, ಅವನ ಕೋಟಿನ ಕಾಲರು ಸರಿಮಾಡಿದಳು. ಹಬ್ಬದ ದಿನ, ಬೀದಿ ತುಂಬ ಜನ. ಅರವತ್ತು ವರ್ಷ ಏನನ್ನೂ ಯಾರ ಕಣ್ಣಿಗೂ ಬೀಳಿಸದ ಮುದುಕ ಹಗಲು ಹೊತ್ತಲ್ಲಿ ಹಂದಿ ತೊಡೆ ಹೊತ್ತು ಪೇಟೆಯ ನಡುವೆ ನಡೆದು ಹೋದ. ಅವಳು ಒಳಗೆ ಬಂದು ಒಂದು ದೊಡ್ಡ ರೊಟ್ಟಿ ಹೆಚ್ಚಾಗಿ ತಟ್ಟಿದಳು. ಹುಚ್ಚು ಆಸೆ. ಮೂರು ಸಲ ಬಾಗಿಲಿಗೆ ಹೋಗಿ ಬಂದಳು.

ಮಧ್ಯಾಹ್ನ ತಿರುಗಿದ ಮೇಲೆ ಅವನು ಒಬ್ಬನೇ ಬಂದ. ಹೆಗಲು ಖಾಲಿ. ಒಲೆಯ ಮುಂದೆ ಕೂತು, ಜೇಬಿನಿಂದ ಒಂದು ಉಂಡೆ ಹೊಗೆಸೊಪ್ಪು ತೆಗೆದು ನೆಲದ ಮೇಲೆ ಇಟ್ಟ.

"ಏನಂದ್ರು?"

"ಅವರೇ ಬಾಗಿಲು ತೆಗೆದ್ರು. ನೋಡಿ ನಕ್ಕರು. ಹಬ್ಬದ ಕಾಣಿಕೆ ತಂದ್ಯಾ ಮುದುಕ, ಒಳ್ಳೇದಾಗಲಿ ಅಂದ್ರು."

"ನೀನು?"

"ಕಾಣಿಕೆ ಅಲ್ಲ ಧಣಿ ಅಂದೆ. ನಮ್ಮನೇಲಿ ಇದೆ ಅಂತ ತೋರಿಸೋಕೆ ತಂದೆ, ಅವತ್ತು ಸುಳ್ಳು ಹೇಳ್ದೆ ಅಂದೆ. ನಾನೇ ಸಾಕಿದ ಹಂದಿ, ಬ್ರಾಡಿಷ್ ಧಣಿ ಜೌಗಲ್ಲಿ ಸಾಕಿದ್ದು, ಬೇಕಾದ್ರೆ ಜೈಲಿಗೆ ಹಾಕಿ ಅಂದೆ. ಗೆಣಸು, ಹಿಟ್ಟು, ಮೀನು, ಎಲ್ಲಾ ಹೇಳ್ದೆ ಸೇಬ್ರಾ. ಒಂದೂ ಬಿಡಲಿಲ್ಲ."

"ಆಮೇಲೆ?"

"ಅಡುಗೆಯವಳನ್ನ ಕರೆದು ತೊಡೆ ಒಳಗೆ ತಗೊಂಡು ಹೋಗು ಅಂದ್ರು. ಕೋರ್ಟಿನ ಮಾತು ಕೋರ್ಟಲ್ಲಿ, ಇವತ್ತು ಹಬ್ಬ ಅಂದ್ರು. ಇದು ಕೊಟ್ರು."

ಸೇಬ್ರಾ ಹೊಗೆಸೊಪ್ಪಿನ ಉಂಡೆಯನ್ನು ನೋಡಿದಳು. ತೆರೆದೇ ಇದ್ದ ಗುಂಡಿಯನ್ನು ನೋಡಿದಳು. ತಳದಲ್ಲಿ ಒಂದಿಷ್ಟು ಗೆಣಸು, ಹುಲ್ಲು. ಪೆರಿ ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

"ನೀನು ಹೇಳಿದ್ದನ್ನೆಲ್ಲ," ಎಂದಳು ಅವಳು ನಿಧಾನವಾಗಿ, "ಬರ್ಕೊಂಡ್ರಾ?"

ಲೆವಿನ್ ತಲೆ ಅಲ್ಲಾಡಿಸಿದ.

"ಇಲ್ಲ ಮಗಳೇ. ಏನೂ ಬರ್ಕೊಳ್ಳಲಿಲ್ಲ."